ಅದುರಿದ ಮಿದುಳು ಮತ್ತು ಅವಧಾನದ ನೆರವು

ಕೈ ಮುರಿದ ಬಾಲಕನ ಕಟ್ಟನ್ನು ಕಂಡು ತರಗತಿಯೇ ಮರುಗುತ್ತದೆ. ಆದರೆ ತಲೆಗೆ ಪೆಟ್ಟು ಬಿದ್ದು ಒಳಗೊಳಗೇ ಬಳಲುವವನನ್ನು ಸೋಮಾರಿಯೆಂದು ಗದರಿಸುವುದುಂಟು. ಈ ಕಾಣದ ಗಾಯವನ್ನು ವೈದ್ಯರು ಕನ್ಕಷನ್ ಎನ್ನುತ್ತಾರೆ. ಇದರಿಂದ ಚೇತರಿಸಿಕೊಳ್ಳುವ ಎಳೆಯರಿಗೆ ಮೊಬೈಲ್ ಫೋನಿನ ಧ್ಯಾನದ ಆ್ಯಪ್‌ಗಳಿಂದ ನೆರವಾಗುವ ಪ್ರಯತ್ನವು ಈಚೆಗೆ ನಡೆದಿದೆ. ಅಧ್ಯಾಪಕರಾದ ನಾವು ಅವುಗಳಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದೇ ಪ್ರಕೃತ ಲೇಖನದ ವಿಚಾರ.

ತಲೆಗಾಗಲಿ ದೇಹಕ್ಕಾಗಲಿ ಬಲವಾದ ಹೊಡೆತ ಬಿದ್ದು ಮಿದುಳು ಬುರುಡೆಯೊಳಗೆ ಅದುರಿದಾಗ ಅದರ ವ್ಯಾಪಾರವು ಏರುಪೇರಾಗುತ್ತದೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿಯೂ ಸಾಮಾನ್ಯವಾಗಿ ಏನೂ ಕಾಣದು. ತಲೆನೋವು, ತಲೆಸುತ್ತು, ಬೆಳಕು ಸದ್ದುಗಳ ಅಸಹನೆ, ಮರೆವು, ಸಿಡುಕು, ನಿದ್ರೆಯ ವ್ಯತ್ಯಾಸ ಇವೇ ಲಕ್ಷಣಗಳು. ಬಹುಪಾಲು ಮಕ್ಕಳು ಸುಮಾರು 4 ವಾರಗಳಲ್ಲಿ ಗುಣಹೊಂದುತ್ತಾರೆ. ಕೆಲವರಿಗೆ ಮಾತ್ರ ತೊಂದರೆಯು ತಿಂಗಳುಗಟ್ಟಲೆ ಉಳಿಯುತ್ತದೆ.

ಈ ಗಾಯವನ್ನು ಕಡೆಗಣಿಸಿದರೆ ಏನಾದೀತೆಂಬುದಕ್ಕೆ ಕೆನಡಾ ದೇಶದ ಒಟ್ಟಾವಾ ನಗರದ ಒಂದು ಪ್ರಸಂಗವೇ ಸಾಕ್ಷಿ. 2013ರ ಮೇ ತಿಂಗಳಲ್ಲಿ ರೋವನ್ ಸ್ಟ್ರಿಂಜರ್ ಎಂಬ 17 ವರ್ಷದ ವಿದ್ಯಾರ್ಥಿನಿಯು ರಗ್ಬಿ ಆಟದಲ್ಲಿ ಒಂದೇ ವಾರದೊಳಗೆ ಮತ್ತೆ ಮತ್ತೆ ತಲೆಗೆ ಪೆಟ್ಟು ತಿಂದು ಅಸುನೀಗಿದಳು. ಹಿಂದಿನ ಪೆಟ್ಟು ಮಾಯುವ ಮೊದಲೇ ಬಿದ್ದ ಇನ್ನೊಂದು ಪೆಟ್ಟು ಪ್ರಾಣಾಂತಿಕವಾಯಿತು. ಕನ್ಕಷನ್ ಆಗಿರಬಹುದೆಂದು ಶಂಕಿಸಿ ಆಕೆ ಫೋನಿನಲ್ಲಿ ಹುಡುಕಿ ಓದಿದ್ದಳು, ಸ್ನೇಹಿತರಿಗೆ ಸಂದೇಶವನ್ನೂ ಕಳುಹಿಸಿದ್ದಳು. ಹಿರಿಯರಿಗೆ ಮಾತ್ರ ವಿಷಯ ತಿಳಿದಿರಲಿಲ್ಲ. 2018ರಲ್ಲಿ ಒಂಟಾರಿಯೋ ಪ್ರಾಂತವು ಆಕೆಯ ಹೆಸರಿನಲ್ಲಿಯೇ ಶಾಸನವನ್ನು ಮಾಡಿತು. ಪೆಟ್ಟಿನ ಶಂಕೆಯಿದ್ದವರನ್ನು ಆಟದಿಂದ ಕೂಡಲೇ ಹೊರಗಿಡಬೇಕೆಂಬುದು ಅದರ ಸಾರ.

ಹಿಂದೆ ಇಂತಹ ರೋಗಿಗಳನ್ನು ಕತ್ತಲೆಯ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುತ್ತಿದ್ದರು. 2022ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಸೇರಿದ ತಜ್ಞರ ಸಮ್ಮೇಳನದ ಅಭಿಮತವು ಬೇರೆ. ಮೊದಲ 24ರಿಂದ 48 ಗಂಟೆಗಳ ಕಾಲ ಶ್ರಮವನ್ನೂ ಪರದೆಯ ನೋಟವನ್ನೂ ತಗ್ಗಿಸಬೇಕು. ಲಘುವಾದ ನಡಿಗೆಗೆ ಅಡ್ಡಿಯಿಲ್ಲ. ಅನಂತರ ಓದು ಆಟಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಮರಳಬೇಕು.

ಅವಧಾನದ ಪ್ರಯೋಜನವೇನು? ನೋವು ಬಂದಾಗ ಅದರ ಭಯವೂ ಬರುತ್ತದೆ. ಭಯವು ನಿದ್ರೆಯನ್ನು ಕೆಡಿಸಿ ನೋವನ್ನು ಇಮ್ಮಡಿಗೊಳಿಸುತ್ತದೆ. ಉಸಿರಿನ ಮೇಲೆ ಗಮನವಿರಿಸಿ, ಎದ್ದ ಆಲೋಚನೆಯನ್ನು ಹಳಿಯದೆ ನೋಡಿ ಬಿಡುವ ಅಭ್ಯಾಸವು ಈ ಸುಳಿಯನ್ನು ಸಡಿಲಿಸಬಹುದು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಾಟ್-ಜಿನ್ ಅವರು ಇದನ್ನು 8 ವಾರಗಳ ಶಿಕ್ಷಣಕ್ರಮವಾಗಿ ರೂಪಿಸಿದರು. ಅದೇ ಬಗೆಯ ಅಭ್ಯಾಸವು ಇಂದು ಆ್ಯಪ್‌ಗಳಲ್ಲಿ ದೊರೆಯುತ್ತದೆ. ಒಟ್ಟಾವಾದ ಮಕ್ಕಳ ಆಸ್ಪತ್ರೆಯ ಸಂಶೋಧಕರು ಕನ್ಕಷನ್ ಆದ ಕಿಶೋರರಲ್ಲಿ ಇದನ್ನು ಪರೀಕ್ಷಿಸತೊಡಗಿದ್ದಾರೆ. ಇದುವರೆಗಿನ ಅಧ್ಯಯನಗಳು ಚಿಕ್ಕವು. ಇದನ್ನು ಔಷಧವೆನ್ನಲಾಗದು, ಚಿಕಿತ್ಸೆಯ ಜೊತೆಗಿನ ಊರುಗೋಲು ಎನ್ನಬಹುದು.

ಬಳಕೆಯಲ್ಲಿ ಎಚ್ಚರವೂ ಅಗತ್ಯ. ವೈದ್ಯರ ಸಲಹೆ ಪಡೆದು, ಮೊದಲ ಎರಡು ದಿನಗಳು ಕಳೆದ ಮೇಲೆ ತೊಡಗುವುದು ಲೇಸು. ಹಿರಿಯರೇ ಆ್ಯಪನ್ನು ತೆರೆದುಕೊಟ್ಟು, ಫೋನನ್ನು ಮಗುಚಿಟ್ಟು, ಮೆಲುದನಿಯನ್ನಷ್ಟೇ ಕೇಳಿಸಬೇಕು. ಐದು ನಿಮಿಷ ಸಾಕು. ತಲೆನೋವು ಏರಿದರೆ ನಿಲ್ಲಿಸಬೇಕು. ಪದೇ ಪದೇ ವಾಂತಿ, ಸೆಳೆತ, ಮಂಪರು, ಹೆಚ್ಚುತ್ತಿರುವ ತಲೆನೋವು ಕಂಡರಂತೂ ಧ್ಯಾನದ ಮಾತೇ ಸಲ್ಲದು. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಕಬಡ್ಡಿಯ ಅಂಕಣದಲ್ಲಿಯೂ ತಲೆ ನೆಲಕ್ಕೆ ಬಡಿಯುತ್ತದೆ. ಬಿದ್ದ ಬಾಲಕನು "ಏನೂ ಆಗಿಲ್ಲ ಗುರುಗಳೇ" ಎಂದು ಮೈಕೊಡವಿ ಎದ್ದಾಗ ಅವನನ್ನು ಮರಳಿ ಆಟಕ್ಕೆ ಬಿಡದಿರುವುದೇ ಮೊದಲ ಚಿಕಿತ್ಸೆ. ಒಟ್ಟಾವಾದ ಆ ಬಾಲಕಿಯ ಕೈಯಲ್ಲಿ ಫೋನು ಇತ್ತು, ಅದರಲ್ಲಿ ತಿಳಿವಳಿಕೆಯೂ ಇತ್ತು. ಇಲ್ಲದಿದ್ದುದು ವಿಷಯವನ್ನರಿತು ತಡೆಯುವ ಹಿರಿಯರು. ಆದುದರಿಂದ ಶಿಷ್ಯನಿಗೆ ಅವಧಾನವನ್ನು ಕಲಿಸುವ ಮುನ್ನ ಶಿಷ್ಯನ ಮೇಲೆ ಅವಧಾನವಿರಿಸುವುದು ಗುರುವಿನ ಕರ್ತವ್ಯ.