ನಮ್ಮ ಕಪಿಲೆಗೊಂದು ಅವಳಿ ಹೊಳೆ



ನಮ್ಮ ಕಪಿಲಾ ಹೊಳೆ ತುಂಬಿ ಬರಲು ನಮ್ಮೂರಲ್ಲಿ ಮಳೆ ಆಗಬೇಕಾಗಿಲ್ಲ. ಕೇರಳದ ವಯನಾಡಿನಲ್ಲಿ ಹುಯ್ದರೆ ಸಾಕು, ಬೀಚನಹಳ್ಳಿಯ ಕಬಿನಿ ಕಟ್ಟೆ ತುಂಬುತ್ತದೆ. 2019ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಕಟ್ಟೆಯಿಂದ 1 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟರು. ನಂಜನಗೂಡಿನ ಬಡಾವಣೆಗಳಿಗೆ ನೀರು ನುಗ್ಗಿತು.

ಒಂದು ಲೆಕ್ಕ ಮಾಡೋಣ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. 1 ಲಕ್ಷ ಕ್ಯೂಸೆಕ್ ಒಂದೇ ಸಮ ಬಂದರೆ ದಿನಕ್ಕೆ 864 ಕೋಟಿ ಘನ ಅಡಿ, ಅಂದರೆ 8.64 ಟಿ.ಎಂ.ಸಿ. ನಮ್ಮ ಕಟ್ಟೆ ಹಿಡಿಯುವುದು ಸುಮಾರು 19.5 ಟಿ.ಎಂ.ಸಿ. ಪೂರ್ತಿ ಖಾಲಿ ಇದ್ದರೂ ಎರಡೂಕಾಲು ದಿನಕ್ಕೇ ತುಂಬಿಹೋಗ್ತದೆ! ಈ ಉತ್ತರ ಬಂದಾಗ ನನಗೇ ಆಶ್ಚರ್ಯವಾಯಿತು. ಆದ್ದರಿಂದ ಮಳೆ ಬೀಳುವ ಮುಂಚೆಯೇ ಗೊತ್ತಾಗಬೇಕು.

ಡಿಜಿಟಲ್ ಅವಳಿ ಎಂದರೇನು?

ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಅಣೆಕಟ್ಟೆಗಳ ಚಿಕ್ಕ ಮಾದರಿ ಕಟ್ಟಿ, ನೀರು ಹರಿಸಿ ಪರೀಕ್ಷೆ ಮಾಡ್ತಾರೆ. ಆದರೆ ವಯನಾಡಿನಲ್ಲಿ ಮಳೆ ಬಂದದ್ದು ಆ ಮಾದರಿಗೆ ಗೊತ್ತಾಗೋದಿಲ್ಲ. ಡಿಜಿಟಲ್ ಅವಳಿಯೂ ಒಂದು ಮಾದರಿಯೇ, ಆದರೆ ಅದು ಕಂಪ್ಯೂಟರಿನೊಳಗೆ ಇರುತ್ತದೆ. ಉಪಗ್ರಹ, ಮಳೆಮಾಪಕ, ಹೊಳೆಯ ನೀರಿನ ಮಟ್ಟ ಇವುಗಳ ಅಳತೆ ಅದಕ್ಕೆ ಬರುತ್ತಲೇ ಇರುತ್ತದೆ. ಬಂದಂತೆಲ್ಲ ಅದು ತನ್ನನ್ನು ತಿದ್ದಿಕೊಳ್ಳುತ್ತದೆ. “ನಾಳೆ 20 ಸೆಂ.ಮೀ. ಮಳೆಯಾದರೆ ಏನು? ಇವತ್ತೇ ಎರಡು ಗೇಟು ತೆಗೆದರೆ ಏನು?” ಎಂದು ಕೇಳಿ ನೋಡಬಹುದು. ಅದರೊಳಗೆ ಊರು ಮುಳುಗಿದರೂ ಯಾರಿಗೂ ನಷ್ಟವಿಲ್ಲ.

ಯಾರು ಮಾಡುತ್ತಿದ್ದಾರೆ?

ಯುರೋಪಿನವರು ‘ಡೆಸ್ಟಿನೇಶನ್ ಅರ್ಥ್’ ಎಂಬ ಯೋಜನೆಯಲ್ಲಿ ಇಡೀ ಭೂಮಿಗೇ ಅವಳಿ ಕಟ್ಟುತ್ತಿದ್ದಾರೆ. 2024ರ ಜೂನ್‌ನಲ್ಲಿ ಅದರ ಮೊದಲ ರೂಪ ಕೆಲಸ ಶುರುಮಾಡಿತು. ನಮ್ಮ ದೇಶದಲ್ಲಿ 2025ರ ಮೇ ತಿಂಗಳಲ್ಲಿ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಬಂತು. ಪುಣೆಯ ವಿಜ್ಞಾನಿಗಳು ರೂಪಿಸಿದ ಇದು ಪೂರ್ಣ ಅವಳಿಯಲ್ಲ, ಹವಾಮಾನ ಹೇಳುವ ಮಾದರಿ. ಮೊದಲು 12 ಕಿ.ಮೀ. ಚೌಕಕ್ಕೊಂದು ಲೆಕ್ಕ ಇತ್ತು, ಈಗ 6 ಕಿ.ಮೀ. ಚೌಕಕ್ಕೊಂದು. ಡಿ.ಬಿ. ಕುಪ್ಪೆಯಲ್ಲಿ ಮಳೆ ಸುರಿಯುವಾಗ ಕೋಟೆ ಪಟ್ಟಣದಲ್ಲಿ ಬಿಸಿಲು ಇರಬಹುದು. ಚೌಕ ಚಿಕ್ಕದಾದಷ್ಟೂ ಇಂಥ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ನೆನಪಿಡಿ

ಅವಳಿ ಹೇಳಿದ್ದೆಲ್ಲ ಶಾಸ್ತ್ರವಾಕ್ಯವಲ್ಲ. ಅಳತೆ ತಪ್ಪಿದರೆ ಮುನ್ಸೂಚನೆಯೂ ತಪ್ಪುತ್ತದೆ. ನಮ್ಮ ಹೊಳೆಯ ಮಳೆ ಬೀಳುವುದು ಕೇರಳದಲ್ಲಿ, ಆದ್ದರಿಂದ ಎರಡೂ ರಾಜ್ಯದ ಅಳತೆ ಒಂದೆಡೆ ಸೇರಬೇಕು. ಕಂಪ್ಯೂಟರಿಗೆ ಗೊತ್ತಾದರಷ್ಟೇ ಸಾಲದು. ಹೊಳೆ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರಿಗೆ, ದನ ಕಟ್ಟಿದವರಿಗೆ ಹಿಂದಿನ ದಿನವೇ ಸುದ್ದಿ ಮುಟ್ಟಬೇಕು.

ನಿಮಗೊಂದು ಪ್ರಶ್ನೆ: 50 ಸಾವಿರ ಕ್ಯೂಸೆಕ್ ಬಂದರೆ ಖಾಲಿ ಕಟ್ಟೆ ತುಂಬಲು ಎಷ್ಟು ದಿನ ಬೇಕು? ಉತ್ತರವನ್ನು ಚೀಟಿಯಲ್ಲಿ ಬರೆದು ವಿಜ್ಞಾನದ ಮೇಷ್ಟ್ರಿಗೆ ಕೊಡಿ.