ಸಾವಿನ ಮನೆಗೆ ಕರೆಯದೇ ಬರುವವರು

ತಮ್ಮಾ, ನಮ್ಮ ಸಭೆಯ ಪುರುಷರ ಅನ್ಯೋನ್ಯ ಕೂಟಕ್ಕೆ ನಿನ್ನನ್ನು ಕಾರ್ಯದರ್ಶಿ ಮಾಡಿದ್ದಾರೆಂದು ಕೇಳಿ ಖುಷಿಯಾಯಿತು. ಕೂಟಕ್ಕೆ ಬರುವವರು ಬೆರಳೆಣಿಕೆ ಎಂದು ನೀನು ಪೇಚಾಡಿಕೊಂಡದ್ದೂ ಕಿವಿಗೆ ಬಿತ್ತು. ಅದಕ್ಕೇ ಈ ನಾಲ್ಕು ಮಾತು.

ಮೊದಲನೆಯದಾಗಿ, ನಮ್ಮಲ್ಲಿ ಗಂಡಸರಿಗೇನೂ ಬರವಿಲ್ಲ. ಸಮಿತಿಯ ಚುನಾವಣೆಯ ದಿನ ದೇವಾಲಯದ ಅಂಗಳದಲ್ಲಿ ಬೈಕು ನಿಲ್ಲಿಸಲು ಜಾಗ ಸಿಗುವುದಿಲ್ಲ. ಬೆಳೆ ಹಬ್ಬದ ಹರಾಜಿನಲ್ಲಿ ಒಂದು ಬಾಳೆಗೊನೆಗೆ ಹಟಕ್ಕೆ ಬಿದ್ದು ಕೂಗುವವರೂ ಅವರೇ. ಮನೆಕೂಟ, ಸಂಡೇ ಸ್ಕೂಲು, ಆಸ್ಪತ್ರೆ ಭೇಟಿ, ಉಪವಾಸ ಪ್ರಾರ್ಥನೆ ಎಂದಾಗ ಮಾತ್ರ ಹೆಂಗಸರೇ ಗತಿ. ಕುರ್ಚಿಗೆ ಇವರು, ದುಡಿತಕ್ಕೆ ಅವರು. ಆದ್ದರಿಂದ ಗಂಡಸರನ್ನು ಸೆಳೆಯಲು ಇನ್ನೊಂದಿಷ್ಟು ಹುದ್ದೆ ಹುಟ್ಟುಹಾಕಬೇಡ.

ಗಂಡಸರ ಸ್ವಭಾವವೇ ಅಷ್ಟು ಎನ್ನುವವರ ಮಾತನ್ನೂ ನಂಬಬೇಡ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2016ರಲ್ಲಿ ಹಲವು ದೇಶಗಳ ಲೆಕ್ಕ ಮುಂದಿಟ್ಟಿತು. ವಾರದ ಆರಾಧನೆಗೆ ಹೋಗುವುದರಲ್ಲಿ ಕ್ರೈಸ್ತರಲ್ಲಿ ಹೆಂಗಸರು ಮುಂದು, ಮುಸ್ಲಿಮರಲ್ಲಿ ಗಂಡಸರು ಮುಂದು. ಶುಕ್ರವಾರದ ನಮಾಜು ತನ್ನ ಹೊಣೆ ಎಂದು ಅಲ್ಲಿನ ಹುಡುಗ ಚಿಕ್ಕಂದಿನಲ್ಲೇ ಕಲಿತಿರುತ್ತಾನೆ. ನಮ್ಮ ಹುಡುಗನಿಗೆ ದೃಢೀಕರಣ ಮುಗಿದ ಮೇಲೆ ನಾವು ವಹಿಸುವ ಹೊಣೆ ಯಾವುದು, ಹೇಳು?

ನಮ್ಮ ಗಂಡಸರು ಕರೆಯದೇ ಬರುವ ಜಾಗವೊಂದಿದೆ, ಸಾವಿನ ಮನೆ. ಸುದ್ದಿ ಮುಟ್ಟಿದ್ದೇ ತಡ, ಒಬ್ಬ ಶಾಮಿಯಾನಕ್ಕೆ ಹೇಳುತ್ತಾನೆ, ಒಬ್ಬ ಪೆಟ್ಟಿಗೆ ತರಲು ಹೊರಡುತ್ತಾನೆ, ಇನ್ನಿಬ್ಬರು ಗುಂಡಿ ತೋಡಿಸಲು ಸ್ಮಶಾನಕ್ಕೆ ಓಡುತ್ತಾರೆ. ವರ್ಷವಿಡೀ ದೇವಾಲಯದ ಮೆಟ್ಟಿಲು ಹತ್ತದವನೂ ಪೆಟ್ಟಿಗೆಗೆ ಹೆಗಲು ಕೊಡುತ್ತಾನೆ. ತಾನು ಮಾಡಬೇಕಾದ್ದೇನೆಂದು ಅಲ್ಲಿ ಅವನಿಗೆ ಗೊತ್ತು. ಮನೆಕೂಟಕ್ಕೆ ಅಪ್ಪಿತಪ್ಪಿ ಬಂದನೋ, "ಅಣ್ಣ, ಈಗ ನೀವು ಪ್ರಾರ್ಥನೆ ಮಾಡಿ" ಎಂದುಬಿಡುತ್ತೇವೆ. ಅವನ ಬಾಯಿ ಒಣಗುತ್ತದೆ. ಮುಂದಿನ ವಾರ ಅವನಿಗೆ ಡ್ಯೂಟಿ ಇರುತ್ತದೆ. ಅದರ ಬದಲು ಓದಬೇಕಾದ ವಾಕ್ಯಭಾಗವನ್ನು ಎರಡು ದಿನ ಮುಂಚೆಯೇ ಕೊಡು, ಮನೆಯಲ್ಲಿ ಓದಿಕೊಂಡು ಬರಲಿ. ಪ್ರಾರ್ಥನೆ ನಿಧಾನವಾಗಿ ತಾನೇ ಬಾಯಿಗೆ ಬರುತ್ತದೆ.

ದುಡಿಮೆಯನ್ನೂ ಭಕ್ತಿಯನ್ನೂ ಬೇರೆಬೇರೆ ಇಡುವುದು ನಮ್ಮ ಕರಾವಳಿ ಸಭೆಗಳ ಪದ್ಧತಿಯಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಕ್ರೈಸ್ತರಾಗಿ ಕುಲಕಸುಬು ಕಳೆದುಕೊಂಡವರಿಗೆ ಕೆಲಸ ಬೇಕೆಂದೇ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಹಾಕಿದರು. ಆದರೆ ಮೈಕು ಕಟ್ಟಲು, ಬಣ್ಣ ಬಳಿಯಲು ಮಾತ್ರ ಕರೆದರೆ ನಮ್ಮವನು ಕೂಲಿಯವನಾಗಿ ಉಳಿಯುತ್ತಾನೆ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದು. ಯೆರೂಸಲೇಮಿನ ಸಭೆ ಏಳು ಮಂದಿ ಗಂಡಸರನ್ನು ಆರಿಸಿದ್ದು ವಿಧವೆಯರ ದಿನದ ಊಟದ ಉಸ್ತುವಾರಿಗೆ. ಊಟ ನೋಡಿಕೊಳ್ಳಲು ನಿಂತ ಸ್ತೆಫನ ಸಭೆಯ ಮೊದಲ ರಕ್ತಸಾಕ್ಷಿಯಾದ. ಫಿಲಿಪ್ಪ ಸಮಾರ್ಯಕ್ಕೆ ಸುವಾರ್ತೆ ಒಯ್ದ. ಅಂಥ ಕೆಲಸ ಹುಡುಕಿ ಕೊಡು. ಒಂಟಿ ಅಜ್ಜಿಗೆ ತಿಂಗಳ ಔಷಧಿ ತಂದುಕೊಡುವುದು, ಡಯಾಲಿಸಿಸ್‌ಗೆ ಹೋಗುವವರನ್ನು ಆಟೋದಲ್ಲಿ ಕರೆದೊಯ್ಯುವುದು, ಸಂಡೇ ಸ್ಕೂಲಿನ ಒಂದು ತರಗತಿ. ರೋಗಿಯ ಮಂಚದ ಪಕ್ಕ ಕೂತು ಬಂದವನಿಗೆ ಭಾನುವಾರದ ಪ್ರಸಂಗ ಬೇರೆಯಾಗಿಯೇ ಕೇಳಿಸುತ್ತದೆ.

ಹುಡುಗರನ್ನು ಮರೆಯಬೇಡ. ತಿಮೊಥೆಗೆ ನಂಬಿಕೆ ಬಂದದ್ದು ಅಜ್ಜಿ ಲೋವಿ, ತಾಯಿ ಯೂನಿಕೆಯಿಂದ. ತಂದೆ ಗ್ರೀಕನೆಂಬುದು ಬಿಟ್ಟರೆ ಅವನ ಹೆಸರೂ ಸತ್ಯವೇದದಲ್ಲಿಲ್ಲ. ಆ ಹುಡುಗನನ್ನು ಪ್ರಯಾಣಕ್ಕೆ ಜೊತೆಗೂಡಿಸಿಕೊಂಡವನು ಪೌಲ. ನಮ್ಮಲ್ಲಿ ಅಜ್ಜಿಯರೂ ತಾಯಂದಿರೂ ತಮ್ಮ ಪಾಲಿನದನ್ನು ಮಾಡುತ್ತಲೇ ಇದ್ದಾರೆ. ಪೌಲನ ಜಾಗ ಖಾಲಿ ಇದೆ. ರೋಗಿಯ ಭೇಟಿಗೆ ಹೊರಡುವ ಪ್ರತಿಯೊಬ್ಬನೂ ಒಬ್ಬ ಹುಡುಗನನ್ನು ಬೈಕಿನ ಹಿಂದೆ ಕೂರಿಸಿಕೊಳ್ಳಲಿ.

ಕರೆಯುವ ರೀತಿಯೂ ಮುಖ್ಯ. ವಾಟ್ಸಾಪ್ ಸಂದೇಶಕ್ಕೆ ಯಾರೂ ಬರುವುದಿಲ್ಲ. ಹೆಂಡತಿಯ ಕೈಯಲ್ಲಿ ಹೇಳಿಕಳಿಸಿದರೆ ಮನೆಯಲ್ಲಿ ಜಗಳವಾಗುತ್ತದೆ, ಅಷ್ಟೇ. ಪಾಳಿ ಮುಗಿಸಿ ಬರುವ ಹೊತ್ತು ನೋಡಿಕೊಂಡು ನೀನೇ ಹೋಗು, ಚಾ ಕುಡಿ, ಅವನ ಮಾತು ಕೇಳು. ಕುಡಿತದ ನಾಚಿಕೆಯಿಂದಲೋ, ಹಳೆಯ ಗಲಾಟೆಯ ಕಹಿಯಿಂದಲೋ, ಸಾಲದ ಸಂಕೋಚದಿಂದಲೋ ದೂರ ಉಳಿದವರು ಬಹಳ. ಅದು ಬೋಧಕರ ವೇದಿಕೆಯಿಂದ ಬಗೆಹರಿಯುವ ಸಂಗತಿಯಲ್ಲ. ಅವನ ಮನೆಯಲ್ಲಿ ಕೇಳಿದ್ದು ಅಲ್ಲೇ ಇರಲಿ. ಸಭಾಪಾಲಕರಿಗೆ ಹೇಳುವುದಿದ್ದರೂ ಅವನನ್ನು ಕೇಳಿಯೇ ಹೇಳು.

ಗಂಡಸರು ಬಂದರೆಂದು ಹೆಂಗಸರ ಕೈಯಲ್ಲಿರುವುದನ್ನು ಕಿತ್ತುಕೊಳ್ಳುವಂತಾಗಬಾರದು. ನಿನ್ನ ಮೊದಲ ಸಭೆ ಕರೆಯುವ ಮೊದಲು ಸ್ತ್ರೀಯರ ಕೂಟದ ಅಕ್ಕಂದಿರ ಹತ್ತಿರ ಹೋಗಿ, "ನಮ್ಮಿಂದ ಏನಾಗಬೇಕು?" ಎಂದು ಕೇಳು. ಉದ್ದದ ಪಟ್ಟಿಯನ್ನೇ ಕೊಡುತ್ತಾರೆ. ಹೆದರದೆ ಇಸಿದುಕೊಂಡು ಬಾ, ಮೊದಲ ಸಾಲಿನ ಎದುರು ನಿನ್ನ ಹೆಸರು ಬರೆ, ಉಳಿದ ಸಾಲುಗಳಿಗೆ ಒಬ್ಬೊಬ್ಬರನ್ನು ಹುಡುಕಲು ಹೊರಡು.