ಗಂಡನ ಕಾರ್ಡ್ ಕಳೆದರೆ ಹೆಂಡತಿ ನಿಲ್ಲಿಸಬಹುದೇ?

ನಮ್ಮ ಯಜಮಾನರ ಡೆಬಿಟ್ ಕಾರ್ಡ್ ಯಶವಂತಪುರ ನಿಲ್ದಾಣದ ನೂಕುನುಗ್ಗಲಿನಲ್ಲಿ ಎಲ್ಲೋ ಬಿದ್ದುಹೋಗಿತ್ತು. ಅವರಿಗೆ ಗೊತ್ತಾದದ್ದು ರೈಲು ತುಮಕೂರು ದಾಟಿದ ಮೇಲೆ. ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ‘ನೀನೇ ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸು’ ಎಂದರು. ಮಾಡಿದೆ. ಸಹಾಯವಾಣಿಯ ಹುಡುಗಿ ಸಮಾಧಾನದಿಂದಲೇ ಹೇಳಿದಳು: ‘ಖಾತೆದಾರರೇ ಮಾತಾಡಬೇಕು ಮೇಡಂ.’ ಹೆಂಡತಿ ಎಂದರೂ, ಖಾತೆ ಸಂಖ್ಯೆ, ಹುಟ್ಟಿದ ದಿನಾಂಕ ಎಲ್ಲ ಒಪ್ಪಿಸಿದರೂ ಅದೇ ಉತ್ತರ.

ಆ ಗಳಿಗೆಯಲ್ಲಿ ಸಿಟ್ಟು ಬಂದದ್ದು ನಿಜ. ಆದರೆ ನಿಯಮ ಇರಬೇಕಾದದ್ದೇ ಹಾಗೆ. ಮನೆಯಲ್ಲಿ ಜಗಳವಾದಾಗ ಗಂಡನ ಒಂದು ಫೋನ್ ಕರೆಗೆ ಹೆಂಡತಿಯ ಕಾರ್ಡ್ ನಿಂತುಹೋಗುವಂತಿದ್ದರೆ, ದುಡಿಯುವ ಎಷ್ಟು ಹೆಣ್ಣುಮಕ್ಕಳು ಬಸ್ ಚಾರ್ಜಿಗೂ ಪರದಾಡಬೇಕಾಗುತ್ತಿತ್ತೋ! ಜಂಟಿ ಖಾತೆಯಲ್ಲಿಯೂ ಇಬ್ಬರ ಕಾರ್ಡ್ ಬೇರೆ, ಪಿನ್ ಬೇರೆ.

ಕೊನೆಗೆ ಕೆಲಸ ಆದದ್ದು ಅವರ ಫೋನಿನಿಂದಲೇ. ಅರಸೀಕೆರೆ ಹತ್ತಿರ ಸಿಗ್ನಲ್ ಸಿಕ್ಕಿದ ಕೂಡಲೇ ಬ್ಯಾಂಕಿನ ಆ್ಯಪ್ ತೆರೆದು ಕಾರ್ಡ್ ಆಫ್ ಮಾಡಿದರು. ಕಾರ್ಡನ್ನು ನಾವೇ ಆನ್-ಆಫ್ ಮಾಡುವ, ಮಿತಿ ಇಡುವ ಈ ಸೌಲಭ್ಯ ರಿಸರ್ವ್ ಬ್ಯಾಂಕಿನ ಆದೇಶದಂತೆ 2020ರ ಅಕ್ಟೋಬರ್‌ನಿಂದ ಇದೆ. ಆಫ್ ಮಾಡಿದರೆ ಸಾಲದು, ಕಳೆದುಹೋಗಿದೆ ಎಂದು ದೂರು ಕೊಟ್ಟು ಅದರ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಕಾರ್ಡ್ ನಿಂತರೂ ಫೋನಿನಲ್ಲಿದ್ದ ಯುಪಿಐ ನಿಲ್ಲಲಿಲ್ಲ, ಹುಬ್ಬಳ್ಳಿಯಲ್ಲಿ ಅವರ ಊಟ-ಆಟೋಗೆ ತೊಂದರೆಯಾಗಲಿಲ್ಲ.

ಇಷ್ಟು ಅವಸರ ಏಕೆಂದರೆ, ಕಾರ್ಡಿನಲ್ಲಿ ‘ಟ್ಯಾಪ್’ ಸೌಲಭ್ಯ ಚಾಲೂ ಇದ್ದರೆ 5,000 ರೂಪಾಯಿವರೆಗಿನ ಖರೀದಿಗೆ ಪಿನ್ ಕೇಳುವುದಿಲ್ಲ. ಇನ್ನೊಂದು ಕಾರಣ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ಗ್ರಾಹಕರ ಅಜಾಗರೂಕತೆಯಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವರದ್ದೇ. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಪಿನ್ ಬರೆದ ಚೀಟಿಯನ್ನು ಕಾರ್ಡಿನ ಜೊತೆಗೇ ಇಟ್ಟುಕೊಳ್ಳುವುದು, ಪಿನ್ ಇನ್ನೊಬ್ಬರಿಗೆ ಹೇಳುವುದು ಎರಡೂ ಅಜಾಗರೂಕತೆಯೇ.

ಆ ಇನ್ನೊಬ್ಬರಲ್ಲಿ ಗಂಡ-ಹೆಂಡತಿಯೂ ಸೇರುತ್ತಾರೆ. ನಮ್ಮ ಬೆಂಗಳೂರಿನಲ್ಲೇ ನಡೆದ ಪ್ರಕರಣ ಇದು. 2013ರ ನವೆಂಬರ್‌ನಲ್ಲಿ ಹೆರಿಗೆ ರಜೆಯಲ್ಲಿದ್ದ ಮಹಿಳೆಯೊಬ್ಬರು ಕಾರ್ಡ್ ಮತ್ತು ಪಿನ್ ಕೊಟ್ಟು 25,000 ರೂಪಾಯಿ ತರಲು ಗಂಡನನ್ನು ಎಟಿಎಂಗೆ ಕಳಿಸಿದರು. ಚೀಟಿ ಬಂತು, ಹಣ ಬರಲಿಲ್ಲ. ಖಾತೆಯಲ್ಲಿ ಮಾತ್ರ ಕಡಿತವಾಗಿತ್ತು. ಪಿನ್ ಹಂಚಿಕೊಂಡದ್ದು ನಿಯಮಕ್ಕೆ ವಿರುದ್ಧ ಎಂದಿತು ಬ್ಯಾಂಕು. 2018ರ ಮೇ ತಿಂಗಳಲ್ಲಿ ಗ್ರಾಹಕರ ವೇದಿಕೆ ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು. ಸೆಲ್ಫ್ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಟ್ಟು ಕಳಿಸಬೇಕಿತ್ತು ಎಂಬುದು ವೇದಿಕೆಯ ಅಭಿಪ್ರಾಯ. ಹಸಿ ಬಾಣಂತಿ ಇನ್ನೇನು ಮಾಡಬೇಕಿತ್ತು ಎಂದು ನನ್ನ ಮನಸ್ಸು ಇವತ್ತಿಗೂ ಆಕೆಯ ಪರವಾಗಿ ವಾದಿಸುತ್ತದೆ. ಕಾನೂನು ಹಾಗೆ ನೋಡಲಿಲ್ಲ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಬೇರೆ ಸಂಗತಿ. ಎಷ್ಟೋ ಮನೆಗಳಲ್ಲಿ ಹೆಂಡತಿಯ ಖಾತೆಗೆ ಗಂಡನ ಮೊಬೈಲ್ ನಂಬರ್ ಇರುತ್ತದೆ, ಅತ್ತೆಯ ಪಿಂಚಣಿ ಖಾತೆಗೆ ಮಗನದು. ಆಕೆಯ ಕಾರ್ಡ್ ಕೆ.ಆರ್. ಮಾರುಕಟ್ಟೆಯಲ್ಲಿ ಕಳೆದರೆ ಒಟಿಪಿ ಹೋಗುವುದು ಆಫೀಸಿನಲ್ಲಿ ಮೀಟಿಂಗಿನಲ್ಲಿ ಕುಳಿತವನಿಗೆ. ಹಣ ಕಡಿತವಾದ ಸಂದೇಶವೂ ಅವನಿಗೇ. ಕಾರ್ಡ್ ನಿಲ್ಲಿಸುವ ಹಕ್ಕು ಆಕೆಯದು, ಅದನ್ನು ಚಲಾಯಿಸುವ ಫೋನ್ ಇನ್ನೊಬ್ಬರ ಕೈಯಲ್ಲಿ. ಇದನ್ನು ಅನುಕೂಲ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಯಜಮಾನರು ಊರಿಂದ ಬಂದ ಮೇಲೆ ನಾವಿಬ್ಬರೂ ಅವರವರ ಬ್ಯಾಂಕಿನ ಬ್ಲಾಕ್ ಮಾಡುವ ನಂಬರನ್ನು, ಸೈಬರ್ ವಂಚನೆಯ ಸಹಾಯವಾಣಿ 1930 ಅನ್ನು ಫೋನಿನಲ್ಲಿ ಉಳಿಸಿಕೊಂಡೆವು, ಒಂದು ಕಾಗದದಲ್ಲೂ ಬರೆದಿಟ್ಟೆವು. ಫೋನೂ ಕಾರ್ಡೂ ಒಟ್ಟಿಗೆ ಕಳೆದರೆ ಕಾಗದವೇ ಗತಿ. ಆಗ ಕಾರ್ಡಿನ ಜೊತೆಗೆ ಸಿಮ್ ಕೂಡ ನಿಲ್ಲಿಸಬೇಕು.

ನಿಮ್ಮ ಹೆಂಡತಿಯ, ತಾಯಿಯ, ಅತ್ತೆಯ ಖಾತೆಗೆ ಯಾರ ನಂಬರ್ ಇದೆ ಎಂದು ಈ ವಾರ ನೋಡಿ. ಅವರದ್ದಲ್ಲದಿದ್ದರೆ ಅವರನ್ನು ಶಾಖೆಗೆ ಕರೆದುಕೊಂಡು ಹೋಗಿ, ಅವರ ನಂಬರನ್ನೇ ಬರೆಸಿ.